ಟ್ರಕ್ ಗೇಮ್‌ಗೆ ಸ್ಟೇರಿಂಗೇ ಬೇಕಾ? ನಾನು ಮೌಸ್‌ಗೆ ವಾಪಸ್ ಬಂದ ಕಥೆ

ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಟ್ರಕ್ ಓಡಿಸಿ ಲೋಡ್ ತಲುಪಿಸುವ ಗೇಮ್ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುವುದಕ್ಕೆ ನನ್ನ ಆಯ್ಕೆ ಮೌಸ್. ಸಾಧಾರಣ ಯುಎಸ್‌ಬಿ ಮೌಸ್, ಜೊತೆಗೆ ಕೀಬೋರ್ಡ್. 6,500 ರೂಪಾಯಿ ಕೊಟ್ಟು ತಂದ ಸ್ಟೇರಿಂಗ್ ಸೆಟ್ ಈಗ ಅಟ್ಟದ ಮೇಲಿದೆ. ಎರಡೂ ಕೈಯಲ್ಲಿ ಹಿಡಿದು ಬೆರಳಲ್ಲಿ ಆಡಿಸುವ ಗೇಮ್‌ಪ್ಯಾಡ್ ತಮ್ಮನ ಮಗನ ಹತ್ತಿರ ಇದೆ. ಗೆಳೆಯನ ಮನೆಯಲ್ಲಿ ಒಳ್ಳೆಯ ಸ್ಟೇರಿಂಗನ್ನೂ ನಾಲ್ಕೈದು ಭಾನುವಾರ ಹಿಡಿದು ನೋಡಿದ್ದೇನೆ. ಎಲ್ಲ ಆದ ಮೇಲೆ ಹೇಳುತ್ತಿರುವ ಮಾತು ಇದು.

ಗೇಮ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್‌ನವರು 2012ರಲ್ಲಿ ಬಿಟ್ಟ ಗೇಮ್, ಇವತ್ತಿಗೂ ಜನ ಆಡುತ್ತಾರೆ. ಹೊಸಬರಿಗೆ ಒಂದೇ ಸಲಹೆ: ಮೊದಲ ಊರು ಇಂಗ್ಲೆಂಡಿನದ್ದೇ ಆರಿಸಿಕೊಳ್ಳಿ. ಅಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುವುದು. ಕೈ ಪಳಗಿದ ಮೇಲೆ ಡೋವರ್‌ನಲ್ಲಿ ಹಡಗು ಹತ್ತಿ ಫ್ರಾನ್ಸಿನ ಕ್ಯಾಲೇಯಲ್ಲಿ ಇಳಿದು ಬಲಗಡೆ ಓಡಿಸುವುದನ್ನು ಕಲಿಯಬಹುದು.

ಹೈವೇಯಲ್ಲಿ ಓಡಿಸುವುದು ಯಾರಿಗೂ ಕಷ್ಟವಲ್ಲ. ಕೀಬೋರ್ಡಿನಲ್ಲಿ ಸಿ ಒತ್ತಿ ಕ್ರೂಸ್ ಕಂಟ್ರೋಲ್ ಹಾಕಿದರೆ ಗಾಡಿ ಅದೇ ವೇಗದಲ್ಲಿ ತಾನೇ ಹೋಗುತ್ತಿರುತ್ತದೆ. ನಿಜವಾದ ಪರೀಕ್ಷೆ ಕೊನೆಯ ಐವತ್ತು ಮೀಟರ್‌ನಲ್ಲಿ. ಲೋಡ್ ತಲುಪಿಸಿದ ಮೇಲೆ ಟ್ರೈಲರನ್ನು ರಿವರ್ಸ್ ಹಾಕಿ ಗುರುತು ಹಾಕಿದ ಚೌಕದೊಳಗೆ ನಿಲ್ಲಿಸಬೇಕು. ಬೇಡ ಅಂದರೆ ಬಿಟ್ಟುಬಿಡುವ ಆಯ್ಕೆಯೂ ಇದೆ, ಆದರೆ ಪಾರ್ಕಿಂಗಿನ ಪಾಯಿಂಟ್ ಸಿಗುವುದಿಲ್ಲ. ಕಷ್ಟದ ಜಾಗ ಆರಿಸಿಕೊಂಡರೆ ಪಾಯಿಂಟ್ ಜಾಸ್ತಿ. ಚೌಕದ ಗೆರೆ ಹಸಿರಾಗಿ, ಟಿ ಒತ್ತಿ ಟ್ರೈಲರ್ ಕಳಚಿದಾಗ ಆಗುವ ಖುಷಿಗೇ ನಾನು ಈ ಗೇಮ್ ಆಡುವುದು. ಹಾಗಾಗಿ ಯಾವ ಕಂಟ್ರೋಲರ್ ಒಳ್ಳೆಯದು ಅನ್ನುವುದನ್ನು ನಾನು ರಿವರ್ಸಿನಲ್ಲೇ ಅಳೆದಿದ್ದೇನೆ.

ಈಗ ಆ ಸ್ಟೇರಿಂಗಿನ ವಿಷಯ. ಒಟ್ಟು 270 ಡಿಗ್ರಿ ತಿರುಗುವ ಸೆಟ್, ಎರಡು ಪೆಡಲ್, ಮೇಜಿಗೆ ಕಚ್ಚಿಸುವ ಕ್ಲಾಂಪ್. ಹಿಡಿತ ಚೆನ್ನಾಗಿತ್ತು. ಮೊದಲ ರಾತ್ರಿ ಎರಡು ಗಂಟೆ ಹೈವೇಯಲ್ಲಿ ಓಡಿಸಿ ಖುಷಿಪಟ್ಟೆ. ತೊಂದರೆ ಶುರುವಾಗಿದ್ದು ಡೆಲಿವರಿ ಅಂಗಳದಲ್ಲಿ.

ಅದರೊಳಗೆ ನಡುವಿಗೆ ಎಳೆಯುವ ರಬ್ಬರ್ ಇದೆ. ಎಷ್ಟು ತಿರುಗಿಸಿದರೆ ಅಷ್ಟು ಜೋರಾಗಿ ವಾಪಸ್ ಎಳೆಯುತ್ತದೆ. ಕೈ ಒಂಚೂರು ಸಡಿಲ ಬಿಟ್ಟರೆ ಟಕ್ ಅಂತ ನೇರಕ್ಕೆ ಬಂದು ನಿಲ್ಲುತ್ತದೆ. ಇದು ಒಳ್ಳೆಯದೇ ಅಲ್ವಾ ಅಂತ ನನಗೂ ಅನಿಸಿತ್ತು. ರಿವರ್ಸಿನಲ್ಲಿ ಇದೇ ಶತ್ರು. ಟ್ರೈಲರ್ ರಿವರ್ಸ್ ಹಾಕುವುದೆಂದರೆ ಸ್ವಲ್ಪ ಕಟ್ ಮಾಡಿ, ಅಂದರೆ ಸ್ಟೇರಿಂಗನ್ನು ಒಂದು ಕಡೆಗೆ ತಿರುಗಿಸಿ, ಹಾಗೇ ಹಿಡಿದು, ಟ್ರೈಲರ್ ತಿರುಗುವುದನ್ನು ಕಾಯಬೇಕು. ಆಮೇಲೆ ಆ ಕಟ್ಟನ್ನು ನಿಧಾನಕ್ಕೆ ಬಿಡಿಸುತ್ತಾ ಎದುರು ದಿಕ್ಕಿಗೆ ಹೋಗಿ, ಟ್ರೈಲರ್ ಹಿಂದೆ ಹಿಂದೆ ಗಾಡಿಯ ತಲೆಯನ್ನು, ಅಂದರೆ ಎಂಜಿನ್ ಇರುವ ಮುಂಭಾಗವನ್ನು, ತರಬೇಕು. ಈ 'ನಿಧಾನಕ್ಕೆ ಬಿಡಿಸುವುದು' ರಬ್ಬರ್ ಇರುವ ಸ್ಟೇರಿಂಗಿನಲ್ಲಿ ಆಗುವುದೇ ಇಲ್ಲ. ಬಿಡಿಸಲು ಹೊರಟ ಕೂಡಲೇ ಅದು ತಾನೇ ಓಡಿ ನಡುವಿಗೆ ಹೋಗುತ್ತದೆ. ನಾನು ತಡೆಯುವಷ್ಟರಲ್ಲಿ ಟ್ರೈಲರ್ ಇನ್ನೊಂದು ಕಡೆಗೆ ಮಡಚಿಕೊಂಡಿರುತ್ತದೆ.

ಸ್ಟೇರಿಂಗಿನ ತುದಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ ಗಮನಿಸಿದೆ. ರಿವರ್ಸಿನಲ್ಲಿ ನನಗೆ ಬೇಕಾಗಿದ್ದ ಕಟ್ಟು ಎರಡು ಬೆರಳಿನಷ್ಟು ಅಗಲ. ಆ ಎರಡು ಬೆರಳಿನ ಜಾಗದಲ್ಲಿ ಟೇಪ್ ಒಂದು ಕ್ಷಣವೂ ಸುಮ್ನೆ ನಿಲ್ಲುತ್ತಿರಲಿಲ್ಲ, ನನ್ನ ಕೈ ಜೊತೆ ನಡುಗುತ್ತಿತ್ತು. ಮಣಿಕಟ್ಟು ನೋಯುತ್ತಿತ್ತು.

ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಸ್ಟೇರಿಂಗ್ ಸೆನ್ಸಿಟಿವಿಟಿ, ಅಂದರೆ ಅದರ ಚುರುಕು, ಇಳಿಸಿದೆ. ನಾನ್‌ಲೀನಿಯಾರಿಟಿ ಏರಿಸಿದೆ. ಅದನ್ನು ಏರಿಸಿದರೆ ನಡುಭಾಗ ಮೆತ್ತಗಾಗುತ್ತದೆ, ತುದಿ ಚುರುಕಾಗುತ್ತದೆ. ಹೈವೇಯಲ್ಲಿ ಗಾಡಿ ನೇರ ಹೋಗತೊಡಗಿತು. ರಿವರ್ಸ್ ಮಾತ್ರ ಇನ್ನೂ ಕೆಟ್ಟಿತು, ಯಾಕೆಂದರೆ ಜಾಸ್ತಿ ತಿರುಗಿಸಿ, ಜಾಸ್ತಿ ಎಳೆತದ ವಿರುದ್ಧ ಹಿಡಿದಿರಬೇಕಾಯಿತು. ಕೊನೆಗೆ ನಾಲ್ಕು ಸ್ಕ್ರೂ ಬಿಚ್ಚಿ ರಬ್ಬರ್ ತೆಗೆದೇಬಿಟ್ಟೆ. ಆಗ ಸ್ಟೇರಿಂಗ್ ಗಾಳಿಗೆ ತಿರುಗುವ ಫ್ಯಾನಿನಷ್ಟು ಹಗುರ. ಹೈವೇಯಲ್ಲಿ ಬೆರಳು ತಾಗಿದರೂ ಲೇನ್ ಬಿಟ್ಟು ಹೋಗುತ್ತಿತ್ತು. ಮತ್ತೆ ಹಾಕಿ ಮುಚ್ಚಿದೆ. ಬಿಚ್ಚಿದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಕಾರಣ ತಿಳಿಸಿಕೊಟ್ಟವರು ನಮ್ಮ ಮಾವ. ಅಮ್ಮನ ತಮ್ಮ, ಚಿತ್ರದುರ್ಗದವರು. ಇಪ್ಪತ್ತೆರಡು ವರ್ಷ ಟ್ರೈಲರ್ ಓಡಿಸಿದವರು. ಹಳೆಯ ಎನ್‌ಎಚ್ 4, ಈಗಿನ 48, ಅವರಿಗೆ ಅಂಗೈ ಗೆರೆ ಇದ್ದಂತೆ. ದಾವಣಗೆರೆಗೆ ಬಂದಾಗ ನಿಟುವಳ್ಳಿಯ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಒಂದು ರಾತ್ರಿ ನಾನು ಆಡುವುದನ್ನು ಹಿಂದೆ ನಿಂತು ನೋಡುತ್ತಿದ್ದರು.

"ಮೇಲ್ಗಡೆ ಯಾಕೋ ಹಿಡ್ಕಂತೀಯ? ಸ್ಟೇರಿಂಗ್ ಕೆಳಗಡೆ ಹಿಡಿ. ಟ್ರೈಲರ್ ಎಡಕ್ಕೆ ಹೋಗ್ಬೇಕಾ, ಕೈ ಎಡಕ್ಕೆ ತಗಂಡು ಹೋಗು. ಬಲಕ್ಕೆ ಬೇಕಾ, ಬಲಕ್ಕೆ. ತಲೆ ಕೆಡಿಸ್ಕಬೇಡ."

ಆ ಒಂದು ಮಾತಿಗೆ ನನ್ನ ಅರ್ಧ ಗೊಂದಲ ಹೋಯಿತು. ಆಮೇಲೆ ಕುರ್ಚಿಯಲ್ಲಿ ತಾವೇ ಕೂತರು. ಸ್ಟೇರಿಂಗ್ ಹಿಡಿದು ಎರಡು ಸಲ ತಿರುಗಿಸಿ ಬಿಟ್ಟರು.

"ಇದ್ಯಾಕೆ ಹಿಂಗೆ ಎಳಿತೈತೆ? ನಿಂತ ಗಾಡಿ ಸ್ಟೇರಿಂಗ್ ಬಿಟ್ಟಲ್ಲೇ ಇರ್ಬೇಕಪ್ಪ."

ಅವರು ಹೇಳಿದ್ದು ಸರಿ. ಮುಂದಕ್ಕೆ ಓಡುವಾಗ ಸ್ಟೇರಿಂಗ್ ತಾನೇ ನೇರಕ್ಕೆ ಬರುವುದು ಮುಂದಿನ ಚಕ್ರಗಳನ್ನು ಸ್ವಲ್ಪ ಓರೆಯಾಗಿ ಕೂರಿಸಿರುವುದರಿಂದ. ನಿಂತಲ್ಲಿ, ನಿಧಾನಕ್ಕೆ ರಿವರ್ಸ್ ಹೋಗುವಾಗ ಆ ಎಳೆತ ಇರುವುದಿಲ್ಲ. ಎಪಿಎಂಸಿ ಒಳಗೆ ಮೆಕ್ಕೆಜೋಳದ ಲಾರಿ ರಿವರ್ಸ್ ಬರುವುದನ್ನು ನೋಡಿ. ಕ್ಲೀನರ್ ಹಿಂದೆ ನಿಂತು "ಬರ್ಲಿ ಬರ್ಲಿ" ಅನ್ನುತ್ತಾನೆ, ಬಾಡಿಗೆ ಎರಡು ಸಲ ಬಡಿದರೆ ಗಾಡಿ ನಿಲ್ಲುತ್ತದೆ. ಡ್ರೈವರ್ ಕಟ್ ಮಾಡಿ, ಸ್ಟೇರಿಂಗ್ ಬಿಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಾನೆ. ಬಿಟ್ಟ ಸ್ಟೇರಿಂಗ್ ಬಿಟ್ಟಲ್ಲೇ ಇರುತ್ತದೆ.

ಮೌಸ್ ಮಾಡುವುದು ಇದೇ ಕೆಲಸ. ಕಂಟ್ರೋಲ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಮತ್ತು ಮೌಸ್ ಸ್ಟೇರಿಂಗ್ ಆರಿಸಿದರೆ ಸಾಕು. ಮೌಸ್ ಎಷ್ಟು ಸರಿಸುತ್ತೀರೋ ಸ್ಟೇರಿಂಗ್ ಅಷ್ಟೇ ತಿರುಗುತ್ತದೆ. ಕೈ ತೆಗೆದರೆ ಅಲ್ಲೇ ನಿಲ್ಲುತ್ತದೆ. ಮಾವನ ಮಾತು ಕೇಳಿದ ರಾತ್ರಿಯೇ ಬದಲಾಯಿಸಿ ನೋಡಿದೆ. ಕಟ್ ಮಾಡಿ, ಮೌಸ್ ಬಿಟ್ಟು, 5 ಒತ್ತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದೆ. ಟ್ರೈಲರ್ ತನ್ನ ಪಾಡಿಗೆ ತಿರುಗುತ್ತಿತ್ತು. ನನ್ನ ಕೈ ಖಾಲಿ ಇತ್ತು. ಒಂದು ಸಲ ಮುಂದಕ್ಕೆ ತಗೊಂಡು ನೇರ ಮಾಡಿಕೊಂಡು ಎರಡನೇ ಪ್ರಯತ್ನಕ್ಕೆ ಚೌಕದೊಳಗೆ ಕೂತಿತು.

ಕೊರತೆ ಇಲ್ಲವೇ ಅಂದರೆ ಇದೆ. ಮಾವ ಹೇಳಿದ ಕೆಳಗೆ ಹಿಡಿಯುವ ಉಪಾಯ ಮೌಸಿನಲ್ಲಿ ನಡೆಯುವುದಿಲ್ಲ. ಮೌಸ್ ಎಡಕ್ಕೆ ಎಳೆದರೆ ಟ್ರೈಲರಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ಇದು ಬೆರಳಿಗೆ ಹತ್ತಲು ನನಗೆ ಎರಡು ವಾರ ಬೇಕಾಯಿತು. ಇನ್ನೊಂದು, ಸ್ಟೇರಿಂಗ್ ನೇರ ಇದೆಯೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲ, ಕಣ್ಣಲ್ಲೇ ನೋಡಬೇಕು. ನಾನು ಯಾವಾಗಲೂ ಕ್ಯಾಬಿನ್ ಒಳಗಿನ ನೋಟದಲ್ಲೇ ಆಡುತ್ತೇನೆ, ಎಫ್2 ಒತ್ತಿ ಕನ್ನಡಿಗಳನ್ನು ತೆರೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಸೆನ್ಸಿಟಿವಿಟಿ ಮೊದಲು ಕಡಿಮೆ ಇಟ್ಟು ಆಮೇಲೆ ಏರಿಸಿಕೊಳ್ಳಿ. ಆಕ್ಸಿಲರೇಟರ್‌ಗೆ ಡಬ್ಲ್ಯು, ಬ್ರೇಕ್‌ಗೆ ಎಸ್. ಒತ್ತಿದರೆ ಪೂರ್ತಿ ಬ್ರೇಕ್ ಬಿದ್ದಂತೆ ಅನಿಸಿದರೆ ಬ್ರೇಕಿಂಗ್ ಇಂಟೆನ್ಸಿಟಿ ಇಳಿಸಿ. ರಿವರ್ಸಿನಲ್ಲಿ ಗಾಡಿ ಹಿಂದಕ್ಕೆ ಓಡಿಸುವ ಕೀ ಒತ್ತಿ ಹಿಡಿಯಬೇಡಿ, ತಟ್ಟಿ ತಟ್ಟಿ ಬಿಡಿ.

ಟ್ರೈಲರ್ ಉದ್ದ ಇದ್ದಷ್ಟೂ ನಿಧಾನಕ್ಕೆ ತಿರುಗುತ್ತದೆ, ಹಾಗಾಗಿ ಉದ್ದದ್ದೇ ಸುಲಭ. ಗಿಡ್ಡ ಟ್ರೈಲರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚುತ್ತದೆ. ಮಡಚುತ್ತಿದೆ ಅನಿಸಿದ ಕೂಡಲೇ ನಿಲ್ಲಿಸಿ, ಮುಂದೆ ತಗೊಳ್ಳಿ. ರಿವರ್ಸಿನಲ್ಲೇ ಸರಿಮಾಡಲು ಹೋಗಬೇಡಿ. ಇದು ಯಾವ ಕಂಟ್ರೋಲರ್ ಇದ್ದರೂ ಒಂದೇ.

ಗೇಮ್‌ಪ್ಯಾಡಿನಲ್ಲಿ ಒಂದು ಸುಖ ಇದೆ. ಹಿಂದಿನ ಟ್ರಿಗರ್‌ಗಳನ್ನು ಎಷ್ಟು ಒತ್ತಿದರೆ ಅಷ್ಟೇ ಆಕ್ಸಿಲರೇಟರ್, ಅಷ್ಟೇ ಬ್ರೇಕ್. ಮಂಚದ ಮೇಲೆ ಒರಗಿ ಆಡಬಹುದು. ಆದರೆ ಗಾಡಿ ತಿರುಗಿಸುವ ಸ್ಟಿಕ್ ಕೂಡ ಸ್ಪ್ರಿಂಗಿನದ್ದೇ, ಬಿಟ್ಟರೆ ನಡುವಿಗೆ. ಹೆಬ್ಬೆರಳಿನ ಅಷ್ಟು ಸಣ್ಣ ಓಡಾಟದಲ್ಲಿ ಟ್ರೈಲರ್ ಹಿಡಿಯುವುದು ನನ್ನ ಕೈಯಲ್ಲಿ ಆಗಲಿಲ್ಲ. ಹೈವೇ ಓಡಿಸುವುದೇ ಖುಷಿ ಅನ್ನುವವರು ಇದನ್ನೇ ತಗೊಳ್ಳಿ.

ಬರೀ ಕೀಬೋರ್ಡ್ ಬೇಡ. ಎಡಕ್ಕೆ ಎ, ಬಲಕ್ಕೆ ಡಿ ಒತ್ತಿ ಬೇಕಾದಷ್ಟೇ ಕಟ್ ಹಿಡಿಯುವುದು ಬಲು ಕಷ್ಟ.

ಗೆಳೆಯನ ಹತ್ತಿರ ಇರುವುದು ಲಾಜಿಟೆಕ್ ಕಂಪನಿಯ ಜಿ29 ಸ್ಟೇರಿಂಗ್. 900 ಡಿಗ್ರಿ, ಅಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು. ಒಳಗೆ ಮೋಟಾರ್ ಇರುವುದರಿಂದ ಎಳೆತವನ್ನು ಗೇಮೇ ಕೊಡುತ್ತದೆ. ಓಡುವಾಗ ಬಿಗಿ, ನಿಂತಾಗ ಸಡಿಲ. ಮೂರು ಪೆಡಲ್. ಮಾವನ ಉಪಾಯ ಇದರಲ್ಲಿ ಬೆಣ್ಣೆ ದೋಸೆ ತಿಂದಷ್ಟು ಸಲೀಸು. ಇದು ಮೌಸಿಗಿಂತ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನಾನು ವಿಚಾರಿಸಿದಾಗ 25,000 ದಾಟಿತ್ತು, ಗೇರ್ ಶಿಫ್ಟರ್ ಬೇರೆ ಕೊಳ್ಳಬೇಕು.

ನನ್ನ ಲೆಕ್ಕ ಹೀಗಿದೆ. ಜೆರಾಕ್ಸ್ ಅಂಗಡಿ ಮುಚ್ಚಿ ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ. ಆಡುವುದು ಒಂದು ಗಂಟೆ, ಅಷ್ಟರಲ್ಲಿ ಒಂದು ಡೆಲಿವರಿ ಮುಗಿಯುತ್ತದೆ. ಮನೆಯಲ್ಲಿರುವುದು ಒಂದೇ ಮೇಜು, ಹತ್ತು ಗಂಟೆವರೆಗೆ ಅದರ ಅರ್ಧ ಭಾಗ ಮಗಳ ಹೋಂವರ್ಕಿಗೆ. ಅಲ್ಲಿ ದಿನಾ ಕ್ಲಾಂಪ್ ಬಿಗಿಸಿ, ಪೆಡಲ್ ಜೋಡಿಸಿ, ಮತ್ತೆ ಬಿಚ್ಚಿಡುವುದಕ್ಕೆ ಹೋದರೆ ಇರುವ ಒಂದು ಗಂಟೆಯಲ್ಲಿ ಕಾಲು ಗಂಟೆ ಅಲ್ಲೇ ಹೋಗುತ್ತದೆ. ಮೌಸ್ ಹೇಗಿದ್ದರೂ ಅಲ್ಲೇ ಇದೆ, 450 ರೂಪಾಯಿಯದ್ದು. ದಿನಕ್ಕೆ ಮೂರು ಗಂಟೆ ಆಡುವವರು, ಸ್ಟೇರಿಂಗಿಗೇ ಅಂತ ಬೇರೆ ಮೇಜು ಇರುವವರು ದುಡ್ಡು ಕೂಡಿಸಿ 900 ಡಿಗ್ರಿಯದ್ದನ್ನೇ ತಗೊಳ್ಳಿ. ಅಲ್ಲಿಯವರೆಗೆ ಮೌಸಿನಲ್ಲೇ ಆಡಿ, ನಡುವೆ 270 ಡಿಗ್ರಿಯ ರಬ್ಬರ್ ಸೆಟ್ಟಿಗೆ ದುಡ್ಡು ಹಾಕಬೇಡಿ. ನನ್ನ 6,500 ಉಳಿಸಿದ್ದರೆ ಜಿ29ರ ಕಾಲು ಭಾಗ ಈಗಾಗಲೇ ಕೈಯಲ್ಲಿ ಇರುತ್ತಿತ್ತು.