ಬಾಲಿಗೆ ದುಡ್ಡು ಒಯ್ಯುವುದು ಹೇಗೆ: ಡಾಲರೋ, ಎಟಿಎಮ್ಮೋ, ಕಾರ್ಡೋ?

2025ರ ಆಗಸ್ಟ್‌ನಲ್ಲಿ ಬಾಲಿಗೆ ಹೋದಾಗ ನಾನೂ ನಮ್ಮ ಯಜಮಾನರೂ ದುಡ್ಡನ್ನು ಮೂರು ಪಾಲು ಮಾಡಿಕೊಂಡಿದ್ದೆವು. ಬೆಂಗಳೂರಿನಲ್ಲೇ ಕೊಂಡ ಡಾಲರ್ ನೋಟು, ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡು, ದಿನವೂ ಬಳಸುವ ಡೆಬಿಟ್ ಕಾರ್ಡು. ಅಲ್ಲಿನ ಹಣವಾದ ರುಪಿಯಾ ಒಂದು ಲಕ್ಷ ಕೈಗೆ ಬರಲು ನಮ್ಮ ಎಷ್ಟು ರೂಪಾಯಿ ಹೋಯಿತು ಅಂತ ಒಂಬತ್ತು ದಿನವೂ ಬರೆದಿಟ್ಟೆ.

ಎಲ್ಲಕ್ಕಿಂತ ಅಗ್ಗವಾಗಿದ್ದು ಡಾಲರ್: ಲಕ್ಷಕ್ಕೆ ಸುಮಾರು 540 ರೂಪಾಯಿ. ಆದರೆ ನೋಟು ಹೊಸದಾಗಿರಬೇಕು, ಮಡಿಕೆ, ಕಲೆ, ಪೆನ್ನಿನ ಗೀಟು ಯಾವುದೂ ಇರಬಾರದು. ನಮ್ಮ ಒಂದು ನೋಟಿನ ಮೂಲೆ ಮಡಚಿತ್ತು ಅಂತ ಹಣ ಬದಲಾಯಿಸುವ ಅಂಗಡಿಯವರು ವಾಪಸ್ ಕೊಟ್ಟುಬಿಟ್ಟರು. 100 ಡಾಲರ್ ನೋಟಿಗೆ ಸಿಗುವ ದರ 10, 20ರ ನೋಟಿಗೆ ಸಿಗುವುದಿಲ್ಲ.

ಎಲ್ಲಿ ಬದಲಾಯಿಸುತ್ತೀರಿ ಅನ್ನುವುದು ಇದಕ್ಕಿಂತ ಮುಖ್ಯ. ಪರವಾನಗಿ ಇರುವ ಅಂಗಡಿಯಲ್ಲಿ ಡಾಲರಿಗೆ 16,250 ಇದ್ದರೆ, ಕೂಟಾದ ಒಂದು ಗಲ್ಲಿಯಲ್ಲಿ 16,450 ಅಂತ ಬೋರ್ಡು ಹಾಕಿದ್ದರು. ಆಸೆಯಾಯಿತು, ಒಳಗೆ ಹೋದೆವು. 100 ಡಾಲರಿಗೆ 50,000ದ 32 ನೋಟು, ಮೇಲೆ 45,000 ಚಿಲ್ಲರೆ. ಅಂಗಡಿಯಾತ ಎಣಿಸಿದ, ನಾವೂ ಎಣಿಸಿದೆವು, ಸರಿಯಿತ್ತು. ಆಮೇಲೆ "ನೀಟಾಗಿ ಕೊಡ್ತೀನಿ" ಅನ್ನುವ ಹಾಗೆ ಕಟ್ಟನ್ನು ಮತ್ತೆ ತೆಗೆದುಕೊಂಡು ಮೇಜಿನ ಅಂಚಿಗೆ ಎರಡು ಸಲ ಕುಟ್ಟಿ ಕೊಟ್ಟ. ರೂಮಿಗೆ ಬಂದು ನೋಡಿದರೆ 27 ನೋಟು. ಎರಡೂವರೆ ಲಕ್ಷ ರುಪಿಯಾ, ನಮ್ಮ ಸಾವಿರದ ಮುನ್ನೂರಕ್ಕೂ ಹೆಚ್ಚು, ಕಣ್ಣೆದುರೇ ಹೋಗಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕೊನೆಗೆ ಎಣಿಸುವ ಕೈ ನಿಮ್ಮದೇ ಆಗಿರಲಿ, ಎಣಿಸಿದ ಮೇಲೆ ಆ ಕಟ್ಟನ್ನು ಮತ್ತೆ ಯಾರ ಕೈಗೂ ಕೊಡಬೇಡಿ.

ಮಾರನೆಯ ದಿನದಿಂದ ಎಟಿಎಂ ಹಿಡಿದೆವು. ನಮ್ಮ ಬ್ಯಾಂಕಿನ ಶುಲ್ಕವೆಲ್ಲ ಸೇರಿ ಲಕ್ಷಕ್ಕೆ 560 ರೂಪಾಯಿ ಆಯಿತು. 20 ರೂಪಾಯಿ ಜಾಸ್ತಿ ನಿಜ, ಆದರೆ ನೋಟು ಎಣಿಸುವ ಆತಂಕವಿಲ್ಲ. ಯಂತ್ರದ ಮೇಲೆ 50,000 ಅಥವಾ 100,000 ಅಂತ ಚೀಟಿ ಅಂಟಿಸಿರುತ್ತಾರೆ. ದೊಡ್ಡ ನೋಟಿನದನ್ನೇ ಆರಿಸಿಕೊಳ್ಳಿ, ಒಂದೇ ಸಲಕ್ಕೆ ಹೆಚ್ಚು ಬರುತ್ತದೆ, ಶುಲ್ಕ ಒಂದೇ ಸಲ ಬೀಳುತ್ತದೆ. ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ. ಅಲ್ಲಿನ ಅನೇಕ ಯಂತ್ರಗಳು ಮೊದಲು ಹಣ ಕೊಟ್ಟು ಆಮೇಲೆ ಕಾರ್ಡು ಕೊಡುತ್ತವೆ. ಹಣ ಸಿಕ್ಕಿತಲ್ಲ ಅಂತ ಕಾರ್ಡು ಬಿಟ್ಟು ಬರಬೇಡಿ.

ನಮ್ಮ ಫಾರೆಕ್ಸ್ ಕಾರ್ಡಿನಲ್ಲಿ ರುಪಿಯಾ ಇರಲಿಲ್ಲ. ಹಾಗಾಗಿ ಡಾಲರಿನಿಂದ ರುಪಿಯಾಕ್ಕೆ ಬದಲಾಗುವಾಗ ಮತ್ತೊಂದು ಶುಲ್ಕ ಬಿತ್ತು. ಅದೂ 560 ಮುಟ್ಟಿತು, ಕೆಲವು ಅಂಗಡಿಯವರು ಕಾರ್ಡಿಗೆಂದು ಶೇಕಡಾ 3 ಬೇರೆ ಸೇರಿಸಿದರು. 5 ಲಕ್ಷ ರುಪಿಯಾದ ವೀಸಾ, 1.5 ಲಕ್ಷದ ಪ್ರವಾಸಿ ಶುಲ್ಕ, ಹೋಟೆಲು ಬಿಲ್ಲು, ಇಷ್ಟಕ್ಕೆ ಕಾರ್ಡು ಚೆನ್ನ.

ಸೊನ್ನೆಗಳಿಗೆ ಒಗ್ಗಿಕೊಳ್ಳಲು ಎರಡು ದಿನ ಬೇಕು. ಮೆನುವಿನಲ್ಲಿ 45ಕೆ ಅಂದರೆ 45,000. 45ನ್ನು ಐದು ಚಿಲ್ಲರೆಯಿಂದ ಗುಣಿಸಿದರೆ ನಮ್ಮ 240 ರೂಪಾಯಿ. ದೊಡ್ಡ ಹೋಟೆಲಾದರೆ ತೆರಿಗೆ, ಸೇವಾ ಶುಲ್ಕ ಅದರ ಮೇಲೆ. ಲಕ್ಷದ ನೋಟು ಕೆಂಪು, ಹತ್ತು ಸಾವಿರದ್ದು ನೇರಳೆ. ಸಂಜೆಯ ಮಬ್ಬಿನಲ್ಲಿ ಟ್ಯಾಕ್ಸಿ ಇಳಿಯುವಾಗ ಸೊನ್ನೆ ನೋಡಿಯೇ ಕೊಡಿ.

ದೇವಸ್ಥಾನದ ಬಟ್ಟೆಯಲ್ಲೂ ಎರಡು ದಾರಿ ನೋಡಿದೆವು. ಉಲುವಾಟು ಗುಡಿಯಲ್ಲಿ ಸರೋಂಗು, ಅಂದರೆ ಲುಂಗಿಯ ಹಾಗೆ ಸುತ್ತಿಕೊಳ್ಳುವ ಬಟ್ಟೆ, ಅಲ್ಲೇ ಕೊಟ್ಟರು. ಮುಂದಿನ ಗುಡಿಗಳಿಗೆ ಯಜಮಾನರು ಮೈಸೂರಿನಿಂದ ತಂದ ಪಂಚೆ ಉಟ್ಟರು, ನಾನು ಉಬುದ್ ಪೇಟೆಯಲ್ಲಿ ಕೊಂಡ ಸರೋಂಗು. ಪಂಚೆಗೆ ಯಾರೂ ಏನೂ ಅನ್ನಲಿಲ್ಲ, ಸೊಂಟಕ್ಕೆ ಬಟ್ಟೆ ಕಟ್ಟಿದ್ದೀರಾ ಅಂತ ಮಾತ್ರ ನೋಡಿದರು. ಅದನ್ನು ಅವರು ಸೆಲೆಂಡಾಂಗ್ ಅನ್ನುತ್ತಾರೆ. ನಮ್ಮ ಶಲ್ಯವನ್ನೇ ಸುತ್ತಿಕೊಂಡರೂ ಆಯಿತು. ನನಗೆ ನಮ್ಮದೇ ಬಟ್ಟೆ ಹಿಡಿಸಿತು, ಬಾಡಿಗೆಯ ಚೌಕಾಸಿಯಿಲ್ಲದೆ ನೆಮ್ಮದಿಯಾಗಿ ಒಳಗೆ ಹೋಗಬಹುದು. ಮುಟ್ಟಾದಾಗ ಹೆಂಗಸರು ಗುಡಿಯೊಳಗೆ ಹೋಗಬಾರದು ಅಂತ ಬಾಗಿಲಲ್ಲೇ ಬರೆದಿರುತ್ತದೆ. ದುಡ್ಡು ಕೊಡುವುದೂ ತೆಗೆದುಕೊಳ್ಳುವುದೂ ಬಲಗೈಯಲ್ಲೇ, ಅದು ನಮಗೆ ಹೇಳಿಕೊಡಬೇಕಾಗಿಲ್ಲ.

ಎಟಿಎಂನ ಕೆಂಪು ನೋಟು ಕೆಲಸಕ್ಕೆ ಬಾರದ್ದು ಸಣ್ಣ ಊರಿನ ಗುಡಿಗಳಲ್ಲಿ. ಕಾಣಿಕೆ ಡಬ್ಬಿ ಮುಂದಿದೆ, ಕೈಯಲ್ಲಿ ಬರೀ ಲಕ್ಷದ ನೋಟು. ಹಾಗಾಗಿ ದಿನಾ ಬೆಳಿಗ್ಗೆ ವಾರುಂಗಿನಲ್ಲಿ, ಅಂದರೆ ಮನೆಯವರೇ ನಡೆಸುವ ಸಣ್ಣ ಖಾನಾವಳಿಯಲ್ಲಿ, ತಿಂಡಿ ತಿಂದು 2,000, 5,000ದ ಚಿಲ್ಲರೆ ಮಾಡಿಸಿಕೊಳ್ಳುತ್ತಿದ್ದೆವು. ಅಲ್ಲಿನ ಅಕ್ಕ ಬಾಗಿಲ ಮುಂದೆ ಚನಾಂಗ್ ಸಾರಿ ಅನ್ನುವ ನೈವೇದ್ಯ ಇಡುತ್ತಿದ್ದರು: ತೆಂಗಿನ ಗರಿಯಲ್ಲಿ ಹೆಣೆದ ಅಂಗೈಯಗಲದ ಬುಟ್ಟಿ, ಬಿಳಿ, ಕೆಂಪು, ಹಳದಿ ಹೂವು, ಒಂದು ಬಿಸ್ಕತ್ತು, ಮೇಲೊಂದು ಊದುಬತ್ತಿ. ಒಂದು ದಿನ ಅದರಲ್ಲಿ ಸಾವಿರದ ನೋಟನ್ನೂ ಮಡಚಿ ಇಟ್ಟಿದ್ದರು. ರಂಗೋಲಿ ದಾಟುವಾಗಿನ ಹಾಗೆ ಪಕ್ಕಕ್ಕೆ ಸರಿದು ನಾವು ಒಳಗೆ ಹೋದೆವು.