ಹಳೆಯ ಸೋಡಾ ಯಂತ್ರ ತಂಪಾಗದಿದ್ದಾಗ: ದುರಸ್ತಿಯ ಮೂರು ದಾರಿಗಳು

1950ರ ದಶಕದ ಸೋಡಾ ಮಾರುವ ಯಂತ್ರವೊಂದು ಬಾಟಲಿಗಳನ್ನು ತಂಪಾಗಿಸುವುದನ್ನು ನಿಲ್ಲಿಸಿದರೆ ಮೂರು ದಾರಿಗಳಿವೆ: ಗ್ಯಾಸಿನ ಕೊಳವೆಗಳನ್ನು ಮುಟ್ಟದೆ ವಿದ್ಯುತ್ ಭಾಗಗಳನ್ನೂ ಗಾಳಿಯ ಹರಿವನ್ನೂ ಸರಿಪಡಿಸುವುದು, ಸೋರಿಕೆ ಮುಚ್ಚಿ ಹೊಸ ಗ್ಯಾಸ್ ತುಂಬಿಸುವುದು, ಇಲ್ಲವೇ ತಂಪು ಮಾಡುವ ಘಟಕವನ್ನೇ ಬದಲಾಯಿಸುವುದು. ಮೂರನ್ನೂ ಬೇರೆ ಬೇರೆ ಯಂತ್ರಗಳಲ್ಲಿ ಮಾಡಿ ನೋಡಿದ ಮೇಲೆ, ಮೊದಲನೆಯದನ್ನು ಪೂರ್ತಿ ಮುಗಿಸದೆ ಉಳಿದೆರಡಕ್ಕೆ ಕೈಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯ ದಾರಿಯಲ್ಲಿ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ನ ಧೂಳು, ನಿಂತುಹೋದ ಒಳಗಿನ ಫ್ಯಾನ್, ಗಟ್ಟಿಯಾದ ಬಾಗಿಲ ರಬ್ಬರ್ ಇವುಗಳನ್ನು ಬೇಗನೆ ನೋಡಿ ಮುಗಿಸಬಹುದು. ಹೆಚ್ಚು ಗಮನ ಬೇಡುವುದು ರಿಲೇ, ಅಂದರೆ ಗ್ಯಾಸನ್ನು ಒತ್ತಿ ಹರಿಸುವ ಕಂಪ್ರೆಸರ್ ಚಾಲೂ ಆಗಲು ನೆರವಾಗುವ ಸ್ವಿಚ್. ಕಂಪ್ರೆಸರ್ ಕೆಲವು ಕ್ಷಣ ಗುಂಯ್‌ಗುಟ್ಟಿ, ಟಕ್ ಎಂದು ನಿಂತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಅದನ್ನೇ ಮಾಡುತ್ತಿದ್ದರೆ ಓವರ್‌ಲೋಡ್ ಎಂಬ ರಕ್ಷಣಾ ಸ್ವಿಚ್ ಅದನ್ನು ಸುಡದಂತೆ ಕಾಯುತ್ತಿದೆ ಎಂದರ್ಥ. ಆಗ ಪ್ಲಗ್ ಕಿತ್ತು, ಕಂಪ್ರೆಸರ್‌ನ ಮೂರು ಪಿನ್‌ಗಳ ನಡುವಿನ ವಿದ್ಯುತ್ ರೋಧವನ್ನು (ಓಮ್) ಅಳೆಯಬೇಕು: ದೊಡ್ಡ ಅಳತೆ ಉಳಿದೆರಡರ ಮೊತ್ತಕ್ಕೆ ಸಮನಾಗಿದ್ದು, ಯಾವ ಪಿನ್ನೂ ಲೋಹದ ಮೈಗೆ ತಾಗಿರದಿದ್ದರೆ ಮೋಟಾರಿನ ತಂತಿ ಸುರುಳಿಗಳು ಚೆನ್ನಾಗಿವೆ, ಅನುಮಾನ ರಿಲೇಯ ಮೇಲೆ. ಇಲ್ಲಿ ಮೂಲ ಮಾದರಿಯ ಸುರುಳಿ ರಿಲೇಯನ್ನೂ ಈಗ ಸುಲಭವಾಗಿ ಸಿಗುವ, ಕಾದಾಗ ವಿದ್ಯುತ್ತನ್ನು ತಡೆಯುವ ಪಿಟಿಸಿ ರಿಲೇಯನ್ನೂ ಹಾಕಿ ನೋಡಿದ್ದೇನೆ. ಪಿಟಿಸಿ ಅಗ್ಗ, ಆದರೆ ಒಮ್ಮೆ ಕಾದ ಮೇಲೆ ತಣಿಯಲು ಕೆಲವು ನಿಮಿಷ ಬೇಕಾಗುವುದರಿಂದ ವಿದ್ಯುತ್ ಕ್ಷಣಕಾಲ ಹೋಗಿ ಬಂದರೂ ಕಂಪ್ರೆಸರ್ ತಡವರಿಸುತ್ತದೆ. ಸುರುಳಿ ರಿಲೇಗೆ ಆ ತೊಂದರೆಯಿಲ್ಲ. ಅದರೊಳಗಿನ ತುಂಡು ತನ್ನ ಭಾರದಿಂದಲೇ ಕೆಳಗೆ ಬೀಳಬೇಕಾದ್ದರಿಂದ ನೆಟ್ಟಗೆ ಕೂರಿಸಬೇಕು, ಅಷ್ಟೆ. ನನ್ನ ಆಯ್ಕೆ ಅದೇ.

ಕಂಪ್ರೆಸರ್ ಬಿಡದೆ ಓಡುತ್ತಿದ್ದು, ಒಳಗಿನ ತಂಪು ಕೊಳವೆಯ ಸುರುಳಿಯ ಮೊದಲ ಒಂದೆರಡು ಸುತ್ತುಗಳಲ್ಲಿ ಮಾತ್ರ ಬಿಳಿ ಹಿಮ ಕಟ್ಟಿ ಉಳಿದದ್ದು ಒಣಗಿದ್ದರೆ ಹೆಚ್ಚಾಗಿ ಗ್ಯಾಸ್ ಕಡಿಮೆಯಾಗಿರುತ್ತದೆ. ಈ ಯಂತ್ರಗಳಲ್ಲಿ ಸಾಮಾನ್ಯವಾಗಿದ್ದ ಆರ್-12 ಎಂಬ ಗ್ಯಾಸಿನ ತಯಾರಿಕೆಯನ್ನು, ಓಝೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಮುಂದುವರಿದ ದೇಶಗಳು 1996ರ ಹೊತ್ತಿಗೆ ನಿಲ್ಲಿಸಿದವು. ಬದಲಿಗೆ ಆರ್-134ಎ ತುಂಬಿಸಬಹುದು. ಆದರೆ ಅದು ಹಳೆಯ ಖನಿಜ ತೈಲದೊಂದಿಗೆ ಬೆರೆಯದ ಕಾರಣ ತೈಲ ಕಂಪ್ರೆಸರ್‌ಗೆ ಸರಿಯಾಗಿ ಮರಳುವುದಿಲ್ಲ. ಆದ್ದರಿಂದ ತೈಲ ಬದಲಿಸಿ, ತೇವ ಹೀರುವ ಹೊಸ ಡ್ರೈಯರ್ ಬೆಸೆದು, ವ್ಯಾಕ್ಯೂಮ್ ಪಂಪಿನಿಂದ ತೇವವನ್ನು ಪೂರ್ತಿ ಎಳೆದು, ಗ್ಯಾಸನ್ನು ತೂಗಿಯೇ ತುಂಬಬೇಕು. ಉಳಿದಿದ್ದ ಆರ್-12 ಓಝೋನ್ ಪದರಕ್ಕೆ ಹಾನಿಕರ. ಅದನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದಿಡುವುದು ಪರಿಣತರ ಕೆಲಸ. ಸೋರಿಕೆ ಹುಡುಕದೆ ಕೊಳವೆಗೆ ಚುಚ್ಚಿ ಕೂರಿಸುವ ವಾಲ್ವ್ ಹಾಕಿ ಗ್ಯಾಸ್ ತುಂಬುವುದು ದುರಸ್ತಿಯೇ ಅಲ್ಲ. ಆ ವಾಲ್ವೇ ಮುಂದೆ ಸೋರತೊಡಗುತ್ತದೆ.

ಕಂಪ್ರೆಸರ್‌ನ ಸುರುಳಿಯೇ ಸುಟ್ಟಿದ್ದರೆ ನಾನು ಗ್ಯಾಸಿನ ಖರ್ಚಿಗೆ ಹೋಗದೆ ಘಟಕವನ್ನೇ ಬದಲಾಯಿಸುತ್ತೇನೆ. ತಂಪಿನ ಮಟ್ಟಿಗೆ ಮೂರರಲ್ಲಿ ಇದೇ ಹೆಚ್ಚು ನಂಬಿಕೆಗೆ ಅರ್ಹ, ಮೂಲರೂಪದ ಮಟ್ಟಿಗೆ ಇದೇ ಹೆಚ್ಚು ನಷ್ಟ. ಹಳೆಯ ಘಟಕವನ್ನು ಕೊಳವೆಯ ಬಾಯಿ ಮುಚ್ಚಿ ಎತ್ತಿಡುವುದು ಒಳ್ಳೆಯದು. ಚಿಕ್ಕ ಮನೆ ಫ್ರಿಜ್ಜಿನಿಂದ ಬಿಚ್ಚಿದ ಘಟಕಕ್ಕೆ ಕಪಾಟಿನ ತುಂಬ ಬೆಚ್ಚಗಿನ ಬಾಟಲಿಗಳನ್ನು ತಣಿಸುವ ಶಕ್ತಿ ಸಾಲುವುದಿಲ್ಲ. ಅದರಲ್ಲಿ ಆರ್-600ಎ ಇದ್ದರಂತೂ ಹಾಕಲೇಬಾರದು: ಆ ಗ್ಯಾಸ್ ಹೊತ್ತಿಕೊಳ್ಳುವಂಥದ್ದು, ಈ ಯಂತ್ರದ ಥರ್ಮೋಸ್ಟಾಟ್ ಕಿಡಿ ಹಾರಿಸುವಂಥದ್ದು. ಹೊಸ ಘಟಕ ಕೂರಿಸಿದ ಮೇಲೆ ಅಂಚಿನ ಸಂದುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ, ಮೇಲಿನ ಸಾಲಿನ ಒಂದು ನೀರಿನ ಬಾಟಲಿಯಲ್ಲಿ ಥರ್ಮಾಮೀಟರ್ ಅದ್ದಿಟ್ಟು ಮರುದಿನ ನೋಡಬೇಕು. ಕೆಳಗಿನ ಸಾಲು ತಂಪಾಗಿದ್ದು ಮೇಲಿನದು ಬೆಚ್ಚಗಿದ್ದರೆ ಫ್ಯಾನಿನ ಗಾಳಿ ಮೇಲಿನವರೆಗೆ ತಲುಪುತ್ತಿಲ್ಲ.