ಸಿ ಡ್ರೈವ್ ತುಂಬಿದಾಗ: ಕ್ಲೀನರ್, ಕ್ಲೌಡ್, ವಿಜ್‌ಟ್ರೀ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಜ್‌ಟ್ರೀಗೆ, ಯಾವ ಫೈಲು ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ಸಾಫ್ಟ್‌ವೇರ್‌ಗೆ. ದುಡ್ಡು ಕೊಟ್ಟು ಹಾಕಿಸಿಕೊಂಡ ಕ್ಲೀನರ್, ತಿಂಗಳ ಬಾಡಿಗೆಯ ಕ್ಲೌಡ್ ಎರಡೂ ಈ ಬಿಟ್ಟಿ ಸಾಫ್ಟ್‌ವೇರ್ ಮುಂದೆ ನಿಲ್ಲಲಿಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಲೆಕ್ಕದಲ್ಲಿ 238. ಡೊಂಬಿವಲಿ, ಮಾಟುಂಗ, ಎಲ್ಲಿ ಯಕ್ಷಗಾನವೋ ತಾಳಮದ್ದಳೆಯೋ ಆದರೂ ಕ್ಯಾಮೆರಾ ಹಿಡಿದು ಹೋಗಿ, ಮನೆಗೆ ಬಂದು ಎಡಿಟ್ ಮಾಡುವ ಚಟ ನನಗೆ. ಸಿ ಡ್ರೈವ್‌ನ ಪಟ್ಟಿ ಕೆಂಪಾಗದೆ ಇನ್ನೇನಾದೀತು?

ಕ್ಲೀನರ್ ಸ್ಕ್ಯಾನ್ ಮುಗಿಸಿ ಸಾವಿರಾರು ‘ತೊಂದರೆ’ಗಳ ಪಟ್ಟಿ ಕೊಡುತ್ತದೆ. ನೋಡಿದರೆ ಬಹುಪಾಲು ಕುಕಿ, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಕಡತ) ಚೂರುಪಾರು. ರಿಜಿಸ್ಟ್ರಿಯ ಸಾವಿರ ನಮೂದು ಅಳಿಸಿದರೂ ಮೊಬೈಲಿನ ಒಂದು ಫೋಟೋದಷ್ಟು ಜಾಗ ಸಿಗುವುದಿಲ್ಲ. ಕುಕಿ ಹೋದದ್ದಕ್ಕೆ ಎಲ್ಲ ಕಡೆ ಮತ್ತೆ ಪಾಸ್‌ವರ್ಡ್ ಹಾಕುವ ಕೆಲಸ ಬೇರೆ. ಗುಡ್ಡ ಅಗೆದು ಇಲಿ ಹಿಡಿದದ್ದು. ಚಂದಾ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ.

ವಿಂಡೋಸ್‌ನಲ್ಲೇ ಇರುವ ಸ್ಟೋರೇಜ್ ಸೆನ್ಸ್ ಇದಕ್ಕಿಂತ ವಾಸಿ. ಟೆಂಪರರಿ ಫೈಲು, ರಿಸೈಕಲ್ ಬಿನ್ ತಾನೇ ನೋಡಿಕೊಳ್ಳುತ್ತದೆ. ಆನ್ ಮಾಡಿ ಮರೆತುಬಿಡಿ.

ಕ್ಲೌಡ್‌ನದು ಮಾತ್ರ ದೊಡ್ಡ ಕಥೆ. ‘ಭಾವ, ಎಲ್ಲಾ ಮೇಲೆ ಹಾಕಿಬಿಡಿ, ಲ್ಯಾಪ್‌ಟಾಪ್ ಹಗುರಾಗ್ತದೆ’ ಅಂದ ಭಾಮೈದ. ಗೂಗಲ್ ಬಿಟ್ಟಿಯಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲ ಸೇರಿತು. ನನ್ನ ಒಂದು ರಾತ್ರಿಯ ಯಕ್ಷಗಾನದ ವಿಡಿಯೊಗೇ ಸಾಲದು. ಬೇರೊಂದು ಕಂಪನಿಯ ಬಾಡಿಗೆ ಜಾಗ ಹಿಡಿದೆ.

ಒಮ್ಮೆ ಮುಂಬೈಯಿಂದ ಊರಿಗೆ ಹೊರಟಿದ್ದೆ, ಮತ್ಸ್ಯಗಂಧ ರೈಲಿನಲ್ಲಿ. ಉಡುಪಿ ತಲುಪುವಷ್ಟರಲ್ಲಿ ಒಂದು ಪ್ರಸಂಗ ಕತ್ತರಿಸಿ ಮುಗಿಸುವ ಅಂದಾಜು. ಫೈಲಿನ ಹೆಸರಿದೆ, ವೇಷದ ಪುಟ್ಟ ಚಿತ್ರವೂ ಕಾಣುತ್ತಿದೆ, ಒತ್ತಿದರೆ ತೆರೆಯುವುದಿಲ್ಲ. ಪಕ್ಕದಲ್ಲೊಂದು ಸಣ್ಣ ಮೋಡದ ಗುರುತು. ಪ್ರಾಪರ್ಟೀಸ್ ತೆಗೆದು ನೋಡಿದರೆ ಗಾತ್ರ ನಾಲ್ಕು ಜಿಬಿ ಚಿಲ್ಲರೆ, ಡಿಸ್ಕ್‌ನಲ್ಲಿ ಹಿಡಿದ ಜಾಗ ಸೊನ್ನೆ! ಬಹಳ ದಿನ ಮುಟ್ಟಿಲ್ಲವೆಂದು ಆ್ಯಪ್ ತಾನಾಗಿ ಫೈಲನ್ನು ಮೇಲೆ ಕಳಿಸಿ, ಇಲ್ಲಿ ಬರೀ ಹೆಸರು ಉಳಿಸಿದೆ. ಹಾಟ್‌ಸ್ಪಾಟ್ ಹಾಕಿದೆ. ಕೊಂಕಣ ರೈಲಿನ ದಾರಿ ಗೊತ್ತಲ್ಲ. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಒಂದೇ 6.5 ಕಿಲೋಮೀಟರ್. ಡೌನ್‌ಲೋಡ್ ಶುರುವಾಗುವುದು, ಸುರಂಗ ಬರುವುದು, ನಿಲ್ಲುವುದು.

‘ಈ ಕಂಪ್ಯೂಟರ್‌ನಲ್ಲೇ ಇಟ್ಟುಕೋ’ ಎಂಬ ಆಯ್ಕೆ ಇದೆ, ನಿಜ. ಅದನ್ನು ಒತ್ತಿದರೆ ಹೋದ ಭಾರ ಪೂರ್ತಿ ವಾಪಸು. ಇನ್ನೊಂದು: ಜಾಗ ಆಗಲಿ ಎಂದು ಸಿಂಕ್ ಫೋಲ್ಡರ್‌ನಿಂದ (ಕ್ಲೌಡ್ ಜೊತೆ ಜೋಡಿಸಿದ ಫೋಲ್ಡರ್) ಫೈಲು ಅಳಿಸಿದರೆ ಮೇಲಿನ ಪ್ರತಿಯೂ ಹೋಗುತ್ತದೆ. ದಾಖಲೆಪತ್ರ ಇಡುವವರಿಗೆ ಕ್ಲೌಡ್ ಸರಿ. ವಿಡಿಯೊದವರಿಗಲ್ಲ.

ವಿಜ್‌ಟ್ರೀ ಏನನ್ನೂ ತಾನಾಗಿ ಅಳಿಸುವುದಿಲ್ಲ, ನನಗೆ ಬೇಕಾದದ್ದೂ ಅದೇ. ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಬಳಸುವ ಫೈಲು ವ್ಯವಸ್ಥೆ) ಡ್ರೈವ್‌ನ ಫೈಲುಪಟ್ಟಿಯನ್ನೇ ನೇರ ಓದುವುದರಿಂದ ಕ್ಷಣದಲ್ಲಿ ಉತ್ತರ. ವಿನ್‌ಡರ್‌ಸ್ಟ್ಯಾಟ್‌ನ ಹಳೆಯ ಆವೃತ್ತಿ ಇದೇ ಕೆಲಸಕ್ಕೆ ಚಹಾ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಅಡ್ಮಿನ್ ಆಗಿ ತೆರೆಯಬೇಕು, ಅಷ್ಟೇ. ದೊಡ್ಡದು ಮೇಲೆ, ಸಣ್ಣದು ಕೆಳಗೆ. ಕಳ್ಳ ಸಿಕ್ಕಿದ್ದು ಆ್ಯಪ್‌ಡೇಟಾ ಎಂಬ ಮರೆಯ ಫೋಲ್ಡರ್‌ನಲ್ಲಿ: ವಿಡಿಯೊ ಎಡಿಟರ್‌ನ ಕ್ಯಾಶೆ (ಕೆಲಸ ಬೇಗ ಆಗಲೆಂದು ಅದು ಕೂಡಿಡುವ ತಾತ್ಕಾಲಿಕ ಫೈಲುಗಳು), ಎಂದೋ ಮುಗಿದ ಪ್ರಾಜೆಕ್ಟ್‌ಗಳದ್ದೆಲ್ಲ. ಎಡಿಟರ್‌ನ ಸೆಟ್ಟಿಂಗ್ಸ್‌ನಿಂದಲೇ ಖಾಲಿ ಮಾಡಿದೆ. ಆಮೇಲೆ ಹೈಬರ್‌ಫಿಲ್.ಸಿಸ್, ಹೈಬರ್ನೇಟ್ ಮಾಡುವಾಗ (ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿಟ್ಟು ಕಂಪ್ಯೂಟರ್ ಆರಿಸುವಾಗ) ಬೇಕಾಗುವ ಫೈಲು. ಹೈಬರ್ನೇಟ್ ಬಳಸದವರು ಕಮಾಂಡ್ ಪ್ರಾಂಪ್ಟಿನಲ್ಲಿ ಆಫ್ ಮಾಡಿದರೆ ಕೆಲವು ಜಿಬಿ ಸಿಗುತ್ತದೆ, ಆದರೆ ಫಾಸ್ಟ್ ಸ್ಟಾರ್ಟಪ್ ಕೂಡ ಅದರೊಂದಿಗೇ ಹೋಗುತ್ತದೆ. ವಿನ್‌ಎಸ್ಎಕ್ಸ್ಎಸ್ ಫೋಲ್ಡರ್ ಎಷ್ಟೇ ದಪ್ಪ ಕಂಡರೂ ಕೈ ಹಾಕಬೇಡಿ, ವಿಂಡೋಸ್ ಕೆಡುತ್ತದೆ.

ಎಡಿಟ್ ಮುಗಿದ ಯಕ್ಷಗಾನದ ವಿಡಿಯೊಗಳೆಲ್ಲ ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ತಂದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ, ಒಂದರಲ್ಲೇ ಅಲ್ಲ, ಎರಡರಲ್ಲಿ. ಒಳಗಿನ ಎಸ್‌ಎಸ್‌ಡಿಯನ್ನೇ 1 ಟಿಬಿಗೆ ಏರಿಸುವ ಆಸೆ ಇದೆ, ಸದ್ಯ ಜೇಬು ಒಪ್ಪುತ್ತಿಲ್ಲ. ನೀವು ಕೊಳ್ಳುವುದಾದರೆ ಲ್ಯಾಪ್‌ಟಾಪ್‌ನ ಸ್ಲಾಟ್ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಹಿಡಿಸುವುದೋ ಬರೀ ಸಾಟಾದ್ದೋ (ನಿಧಾನದ ಬಗೆ) ನೋಡಿಕೊಂಡೇ ಅಂಗಡಿಗೆ ಹೋಗಿ, ಎಂ.2 ಎಂಬ ತೆಳು ಎಸ್‌ಎಸ್‌ಡಿ ಕಾರ್ಡುಗಳೆಲ್ಲ ಕಣ್ಣಿಗೆ ಹೆಚ್ಚುಕಡಿಮೆ ಒಂದೇ.